ಹಿನ್ನೆಲೆಯಲ್ಲಿ ನಮ್ಮ ಮನೆ

“ಇದು ಯಾವ ಊರಲ್ಲಿ ತೆಗೆದ ಫೋಟೋ?” ಎಂದು ಅಮ್ಮಿ ಕೇಳಿದರು.

ನಾವು ತಬ್ಬಿಬ್ಬಾದೆವು. ಹತ್ತು ನಿಮಿಷದ ಹಿಂದೆ ಅವರದೇ ಮನೆಯ ಜಗಲಿಯಲ್ಲಿ, ಅವರು ದಿನವೂ ಕೂರುವ ಜಾಗದಲ್ಲೇ ತೆಗೆದದ್ದು. ಮೊಬೈಲಿನಲ್ಲಿ ಹಿನ್ನೆಲೆಯನ್ನು ಮಸುಕು ಮಾಡುವ ಒಂದು ಗುಂಡಿ ಇದೆಯಲ್ಲ, ಅದನ್ನು ಒತ್ತಿದ್ದೆವು. ಮುಖವೇನೋ ಚೆನ್ನಾಗಿ ಬಂದಿತ್ತು. ಆದರೆ ಮುಖದ ಹಿಂದೆ ಗಂಜಿ ಚೆಲ್ಲಿದಂಥ ಮಬ್ಬು. ಹಸಿರು ಬಣ್ಣ ಬಳಿದ ಗೋಡೆ ಇಲ್ಲ, ಗಿಳಿಗೂಟ ಇಲ್ಲ, ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಿನ ಕೋಲು ಇಲ್ಲ. ಸಾಲದ್ದಕ್ಕೆ ಅವರ ತೆಳು ಸೆರಗಿನ ಅಂಚು ಅರ್ಧ ಕರಗಿಹೋಗಿತ್ತು. ಕನ್ನಡಕದ ಒಂದು ಕಡ್ಡಿ ಕಿವಿಯವರೆಗೆ ತಲುಪಿರಲೇ ಇಲ್ಲ.

“ನಮ್ಮ ಮನೆಯಲ್ಲೇ ಅಮ್ಮಿ” ಎಂದೆವು.

“ಹಾಗಾದರೆ ಮನೆ ಎಲ್ಲಿ?”

ಈ ಪ್ರಶ್ನೆ ಅಂದು ಸುಮ್ಮನೆ ಬಂದದ್ದಲ್ಲ. ಅಬ್ಬಾ ತೀರಿಕೊಂಡು ಮೂರು ವರ್ಷವಾಗಿತ್ತು. ಸಾಗರದ ಆ ಹೆಂಚಿನ ಮನೆಯನ್ನು ಮಾರಿ ಪಾಲು ಮಾಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಅಣ್ಣ ಶಿವಮೊಗ್ಗದಲ್ಲಿ ಫ್ಲ್ಯಾಟ್ ಮಾಡಿದ್ದಾರೆ, ತಮ್ಮ ಕೊಲ್ಲಿಯಲ್ಲಿದ್ದಾನೆ, ನಾವು ಮದುವೆಯಾಗಿ ಹೊರಗೆ ಬಂದವರು. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದಕ್ಕೂ ಆಳು ಸಿಗದ ಕಾಲ. ಯಾರದೂ ತಪ್ಪಿಲ್ಲ. ಪಾಲಿನ ಕಾಗದದಲ್ಲಿ ನಮ್ಮ ರುಜುವೂ ಇದೆ. ಮಳೆಗಾಲ ಮುಗಿಯುತ್ತಲೇ ಅಮ್ಮಿ ಅಣ್ಣನ ಮನೆಗೆ ಹೊರಡುವವರು. ಅಷ್ಟರೊಳಗೆ ಅವರದೊಂದು ಒಳ್ಳೆಯ ಫೋಟೋ ತೆಗೆಯಬೇಕೆಂದು ನಮ್ಮ ಆಸೆ. ಫೋಟೋ ಎಂದರೆ ಮುಖ ತಿರುಗಿಸುವ ಅವರು ಒಂದು ಷರತ್ತು ಹಾಕಿ ಒಪ್ಪಿದ್ದರು. “ನನ್ನೊಬ್ಬಳದು ಬೇಡ ಬೇಟಾ. ಮನೆಯ ಜೊತೆ ತೆಗೆಯುವುದಾದರೆ ತೆಗಿ.”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ‘ನಾವು’ ಎಂದು ಬರೆಯುತ್ತಿರುವುದನ್ನು ನೋಡಿ ನಾವೇನೋ ನಾಲ್ಕಾರು ಜನ ಇದ್ದೇವೆಂದು ತಿಳಿಯಬೇಡಿ. ನಮಗೆ ಉರ್ದು ಕಲಿಸಿದ ಉಸ್ತಾನಿ ತಮ್ಮನ್ನು ಎಂದೂ ‘ಹಮ್’ ಎಂದೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ಕನ್ನಡ ಶಾಲೆಗೆ ಸೇರಿದಾಗ ಆ ‘ಹಮ್’ ನಮ್ಮ ಜೊತೆ ಬಂದು ‘ನಾವು’ ಆಯಿತು. ಅದೇ ಉಸ್ತಾನಿ ಕಲಿಸಿದ ಇನ್ನೊಂದು ಪದ ‘ಪಸ್-ಮಂಜರ್’. ಪಸ್ ಎಂದರೆ ಹಿಂದೆ, ಮಂಜರ್ ಎಂದರೆ ದೃಶ್ಯ. ಕನ್ನಡದಲ್ಲಿ ‘ಹಿನ್ನೆಲೆ’. ಕನ್ನಡದ ಪದದಲ್ಲಿ ನೆಲೆಯೂ ಸೇರಿಕೊಂಡಿದೆ ಎಂಬುದು ನಮಗೆ ಬಹಳ ತಡವಾಗಿ ಹೊಳೆಯಿತು. ಸಾಹಿತ್ಯ ಸಭೆಗಳಲ್ಲಿ ನಮ್ಮನ್ನು ‘ಮುಸ್ಲಿಂ ಹಿನ್ನೆಲೆಯ ಕಥೆಗಾರ್ತಿ’ ಎಂದು ಪರಿಚಯ ಮಾಡಿಕೊಡುವುದುಂಟು. ಕೆಲವರಿಗೆ ಆ ಹಿನ್ನೆಲೆ ಮಾತ್ರ ಕಾಣುತ್ತದೆ, ಕಥೆ ಕಾಣುವುದಿಲ್ಲ. ಇನ್ನು ಕೆಲವರು ಪ್ರೀತಿಯಿಂದಲೇ ಹೇಳುತ್ತಾರೆ, “ನಿಮ್ಮ ಕಥೆ ಓದುವಾಗ ಹಿನ್ನೆಲೆ ನೆನಪೇ ಆಗುವುದಿಲ್ಲ.” ಅದನ್ನು ಮೆಚ್ಚುಗೆ ಎಂದು ತಿಳಿಯಬೇಕೋ ಬೇಡವೋ ನಮಗೆ ಇನ್ನೂ ಗೊತ್ತಾಗಿಲ್ಲ. ಅಂಥವರ ಮುಂದೆ ಅಮ್ಮಿಯ ಪ್ರಶ್ನೆ ಬಾಯಿಗೆ ಬರುತ್ತದೆ. ಹಾಗಾದರೆ ಮನೆ ಎಲ್ಲಿ?

ಫೋಟೋದ ವಿಷಯಕ್ಕೆ ಬರೋಣ. ನಮ್ಮ ಆಪಾಳ ಮಗ ಮದುವೆ ಫೋಟೋಗ್ರಾಫರ್. ಮೊಬೈಲಿನ ಚಿತ್ರ ನೋಡಿ ನಕ್ಕ. “ಖಾಲಾ, ಇದು ಲೆನ್ಸ್ ಮಾಡಿದ ಮಸುಕಲ್ಲ, ಲೆಕ್ಕ ಮಾಡಿ ಬಳಿದ ಮಸುಕು” ಎಂದ. ಮೊಬೈಲಿನ ಮುಖ್ಯ ಲೆನ್ಸಿನ ಬಾಯಿ ಸಾಮಾನ್ಯವಾಗಿ ಮೂರು ನಾಲ್ಕು ಮಿಲಿಮೀಟರ್ ಅಗಲ. ಅಷ್ಟು ಸಣ್ಣ ಬಾಯಿಯಿಂದ ಹಿನ್ನೆಲೆ ನಿಜವಾಗಿ ಹೆಚ್ಚು ಮಸುಕಾಗುವುದಿಲ್ಲ. ಆದ್ದರಿಂದ ಯಂತ್ರವೇ ಯಾವುದು ಮನುಷ್ಯ, ಯಾವುದು ಮನುಷ್ಯನಲ್ಲ ಎಂದು ಊಹಿಸಿ, ಅಲ್ಲದ್ದನ್ನೆಲ್ಲ ಒರೆಸಿಬಿಡುತ್ತದೆ. ತೆಳು ಸೆರಗಿನಂಥ, ಅರ್ಧ ಬೆಳಕು ಅರ್ಧ ಬಟ್ಟೆಯಾದ ವಸ್ತು ಬಂದಾಗ ಅದರ ಊಹೆ ತಪ್ಪುತ್ತದೆ.

ಅವನು ತನ್ನ 85 ಮಿಲಿಮೀಟರಿನ ಲೆನ್ಸ್ ತಂದ. ಮದುಮಕ್ಕಳ ಮುಖ ತೆಗೆಯುವುದು ಅದರಲ್ಲೇ. ಅಮ್ಮಿಯ ಸೆರಗಿನ ಒಂದೊಂದು ಎಳೆಯೂ ಬಂತು. ಹಿಂದಿನ ಮಸುಕು ರೇಷ್ಮೆಯಂತಿತ್ತು. ಆದರೆ ಜಗಲಿಯ ಗೋಡೆ ಒಂದು ಹಸಿರು ಮೋಡವಾಗಿತ್ತು, ಅಷ್ಟೆ. “ಇದು ಅಸಲಿ ಮಸುಕು ನಾನಿ” ಎಂದು ಅವನು ತೋರಿಸಿದ. “ಅಸಲಿ ಇರಲಿ, ನಕಲಿ ಇರಲಿ, ಮನೆ ಇಲ್ಲವಲ್ಲ” ಎಂದರು ಅಮ್ಮಿ. ಸರಿ, ಕ್ಯಾಮೆರಾದ ಜೊತೆ ಬಂದಿದ್ದ ಹೊಸ ವೈಡ್ ಲೆನ್ಸ್ ಹಾಕಿದೆವು. ಈಗ ಮನೆ ಬಂತು. ಬಂದದ್ದು ಹೇಗೆ? ಕ್ಯಾಲೆಂಡರಿನ ತಾರೀಖು, ಸ್ವಿಚ್ ಬೋರ್ಡಿನ ಮೇಲಿನ ಕೈಗುರುತು, ಕರೆಂಟು ವೈರು, ಮೂಲೆಯ ಪ್ಲಾಸ್ಟಿಕ್ ಕೊಡ, ಎಲ್ಲವೂ ಒಂದೇ ಸಮನೆ ಕೂಗುತ್ತಿದ್ದವು. ಅಮ್ಮಿ ಆ ಸಾಮಾನುಗಳ ನಡುವೆ ಇನ್ನೊಂದು ಸಾಮಾನಾಗಿದ್ದರು. ಮನೆ ಮಾರಾಟದ ಜಾಹೀರಾತಿಗೆ ಆ ಫೋಟೋ ಆದೀತು.

ನಮಗೆ ಬೇಕಾದದ್ದು ಏನೆಂದು ಆಗ ಸ್ಪಷ್ಟವಾಯಿತು. ಮನೆ ಪೂರ್ತಿ ಕಾಣಬೇಕು, ಆದರೆ ಕೂಗಬಾರದು. ಮಸುಕಾಗಬೇಕು, ಮಾಯವಾಗಬಾರದು. “ಹಾಗಾದರೆ ಹಳೆಯ ವೈಡ್ ಲೆನ್ಸ್ ನೋಡಬೇಕು ಖಾಲಾ” ಎಂದ ಹುಡುಗ.

ಅವನು ಹೇಳಿಕೊಟ್ಟ ಲೆಕ್ಕ ಸರಳವಾಗಿದೆ. ಲೆನ್ಸಿನ ಫೋಕಲ್ ಉದ್ದವನ್ನು ಅಪರ್ಚರ್ ಅಂಕಿಯಿಂದ ಭಾಗಿಸಿದರೆ ಬೆಳಕು ಒಳಬರುವ ಬಾಯಿಯ ಅಗಲ ಸಿಗುತ್ತದೆ. 85 ಮಿಲಿಮೀಟರ್, ಅಪರ್ಚರ್ 1.8 ಆದರೆ ಬಾಯಿ 47 ಮಿಲಿಮೀಟರ್. 35 ಮಿಲಿಮೀಟರ್, ಅಪರ್ಚರ್ 2.4 ಆದರೆ 14.6. ಬಹಳ ದೂರದಲ್ಲಿರುವ ಒಂದು ಬೆಳಕಿನ ಚುಕ್ಕಿ ಫೋಟೋದಲ್ಲಿ ಎಷ್ಟು ದೊಡ್ಡ ಮಬ್ಬು ಬಿಲ್ಲೆಯಾಗುತ್ತದೆ? ನಾವು ಫೋಕಸ್ ಮಾಡಿದ ವಸ್ತುವಿನ ಪಕ್ಕದಲ್ಲಿಟ್ಟು ಅಳೆದರೆ, ಸರಿಯಾಗಿ ಆ ಬಾಯಿಯ ಅಗಲದಷ್ಟು. ಅಂದರೆ 85ರ ಲೆನ್ಸಿನಲ್ಲಿ ದೂರದ ದೀಪವೊಂದು ಅಮ್ಮಿಯ ಮುಖದ ಪಕ್ಕ ಹತ್ತಿರ ಹತ್ತಿರ ಐದು ಸೆಂಟಿಮೀಟರಿನ ಬಿಲ್ಲೆ. 35ರಲ್ಲಿ ಒಂದೂವರೆ ಸೆಂಟಿಮೀಟರಿನ ಬಿಲ್ಲೆ. ಜೊತೆಗೆ ಮುಖವನ್ನು ಅಷ್ಟೇ ದೊಡ್ಡದಾಗಿ ತೆಗೆದರೂ 35ರ ಲೆನ್ಸು ಹಿಂದಿನ ಜಾಗವನ್ನು ಎರಡೂ ಕಾಲು ಪಟ್ಟಿಗಿಂತ ಹೆಚ್ಚು ಅಗಲವಾಗಿ ಒಳಗೆ ಕರೆದುಕೊಳ್ಳುತ್ತದೆ. ಬಾಗಿಲು ಬಾಗಿಲಾಗಿಯೇ ಉಳಿಯುತ್ತದೆ, ಅದರ ಅಂಚು ಮಾತ್ರ ಮೆತ್ತಗಾಗುತ್ತದೆ.

ಹೊಸದರಲ್ಲಿ ಇದು ಸಿಗುವುದಿಲ್ಲವೇ? ಸಿಗುತ್ತದೆ. ಅಪರ್ಚರ್ 1.4ರ ಹೊಸ 35 ಮಿಲಿಮೀಟರ್ ಲೆನ್ಸಿನ ಬಾಯಿ 25 ಮಿಲಿಮೀಟರ್. ಬೆಲೆಯೂ ಹಾಗೆಯೇ. ನಮ್ಮ ಕಥಾಸಂಕಲನಗಳಿಗೆ ಇದುವರೆಗೆ ಬಂದ ಗೌರವಧನವನ್ನೆಲ್ಲ ಕೂಡಿಸಿದರೂ ಸಾಲದು. ಹಳೆಯದನ್ನು ಹುಡುಕಲು ಇನ್ನೊಂದು ಕಾರಣವೂ ಇದೆ. ಮಸುಕು ಎಷ್ಟು ಎಂಬುದು ಒಂದು ಪ್ರಶ್ನೆ, ಎಂಥದ್ದು ಎಂಬುದು ಬೇರೆ ಪ್ರಶ್ನೆ. ಜಪಾನೀಯರು ಈ ಎರಡನೆಯದಕ್ಕೆ ‘ಬೊಕೆ’ ಎನ್ನುತ್ತಾರೆ. ಮಸುಕು ಎಂದೇ ಆ ಪದದ ಅರ್ಥ. 1997ರಲ್ಲಿ ಅಮೆರಿಕದ ‘ಫೋಟೋ ಟೆಕ್ನಿಕ್ಸ್’ ಪತ್ರಿಕೆಯ ಸಂಪಾದಕ ಮೈಕ್ ಜಾನ್‌ಸ್ಟನ್ ಈ ಕುರಿತು ಲೇಖನಗಳನ್ನು ಪ್ರಕಟಿಸಿದ ಮೇಲೆ ಆ ಪದ ಇಂಗ್ಲಿಷಿಗೂ ಹಬ್ಬಿತು. ಗಾಜಿನಲ್ಲಿರುವ ಕೊರತೆಗಳನ್ನು ಲೆನ್ಸ್ ಮಾಡುವವರು ಹೇಗೆ ತಿದ್ದಿದ್ದಾರೆ ಎಂಬುದರ ಮೇಲೆ ಮಸುಕಿನ ಗುಣ ನಿಂತಿದೆ. ಒಂದು ಬಗೆಯ ಕೊರತೆಯನ್ನು ಸ್ವಲ್ಪ ಉಳಿಸಿದರೆ ಹಿಂದಿನ ಬಿಲ್ಲೆಗಳ ಅಂಚು ಹತ್ತಿಯಂತೆ ಕರಗುತ್ತದೆ. ಅದನ್ನೇ ಅಗತ್ಯಕ್ಕಿಂತ ಹೆಚ್ಚು ತಿದ್ದಿದರೆ ಬಿಲ್ಲೆಗಳಿಗೆ ಸೋಪಿನ ಗುಳ್ಳೆಯಂಥ ಹೊಳೆಯುವ ಅಂಚು ಬರುತ್ತದೆ, ಹಿಂದಿನ ಒಂದು ಕಡ್ಡಿ ಎರಡಾಗಿ ಕಾಣುತ್ತದೆ. ಚಿತ್ರದ ಮೂಲೆಗಳಲ್ಲಿ ಬಿಲ್ಲೆಗಳು ನಿಂಬೆಕಾಯಿಯ ಆಕಾರಕ್ಕೆ ಹಿಂಡಿಹೋಗುವುದೂ ಇದೆ. ಆಗ ಹಿನ್ನೆಲೆಯೆಲ್ಲ ನಡುವಿನ ಮನುಷ್ಯನ ಸುತ್ತ ಸುಳಿ ತಿರುಗಿದಂತೆ ಕಾಣುತ್ತದೆ. ಹೊಸ ಲೆನ್ಸುಗಳು ಈ ತಂಟೆಗಳನ್ನು ಬಹುಮಟ್ಟಿಗೆ ನೀಗಿಕೊಂಡಿವೆ. ಹಳೆಯವು ಒಂದೊಂದೂ ಒಂದೊಂದು ಸ್ವಭಾವದವು.

ವೈಡ್ ಲೆನ್ಸುಗಳಿಗೆ ಈ ಸ್ವಭಾವ ಬಂದದ್ದಕ್ಕೆ ಒಂದು ಕಥೆಯಿದೆ. ಕನ್ನಡಿಯಿರುವ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಕನ್ನಡಿ ಮೇಲೇಳಲು ಜಾಗ ಬೇಕು. ಕಡಿಮೆ ಫೋಕಲ್ ಉದ್ದದ ಲೆನ್ಸು ಫಿಲ್ಮಿಗೆ ತೀರ ಹತ್ತಿರ ಕೂರಬೇಕಾಗುತ್ತದೆ, ಆಗ ಕನ್ನಡಿ ಅದಕ್ಕೆ ಬಡಿಯುತ್ತದೆ. 1950ರಲ್ಲಿ ಫ್ರಾನ್ಸಿನ ಪಿಯೆರ್ ಆಂಜೆನ್ಯೂ ಮುಂದೆ ಬೆಳಕನ್ನು ಹರಡುವ ಒಂದು ದೊಡ್ಡ ಗಾಜನ್ನಿಟ್ಟು, 35 ಮಿಲಿಮೀಟರಿನ ಲೆನ್ಸನ್ನು ಹಿಂದಕ್ಕೆ ಸರಿಸದೆ ಈ ತೊಡಕನ್ನು ಬಿಡಿಸಿದ. ಅದಕ್ಕೆ ರೆಟ್ರೋಫೋಕಸ್ ಎಂದು ಹೆಸರಿಟ್ಟ. ಅದೇ ಕಾಲದಲ್ಲಿ ಪೂರ್ವ ಜರ್ಮನಿಯ ಯೇನಾ ಊರಿನ ಕಾರ್ಲ್ ಜೈಸ್ ಕಾರ್ಖಾನೆ ಇದೇ ದಾರಿಯಲ್ಲಿ ‘ಫ್ಲೆಕ್ಟೋಗನ್’ ಎಂಬ ಲೆನ್ಸನ್ನು ತಂದಿತು.

ಯೇನಾದ ಕಥೆ ಓದಿದಾಗ ನಮಗೆ ನಮ್ಮ ಮನೆಯದೇ ಮಾತು ಕೇಳಿದಂತಾಯಿತು. 1945ರಲ್ಲಿ ಮೊದಲು ಆ ಊರಿಗೆ ಬಂದದ್ದು ಅಮೆರಿಕದ ಸೈನ್ಯ. ಊರನ್ನು ಸೋವಿಯೆತ್ ಸೈನ್ಯಕ್ಕೆ ಬಿಟ್ಟುಕೊಡುವ ಮೊದಲು ಕಾರ್ಖಾನೆಯ ಮುಖ್ಯ ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದರು. ಆಮೇಲೆ ಸೋವಿಯೆತ್ತಿನವರು ಯುದ್ಧದ ನಷ್ಟಕ್ಕೆಂದು ಯಂತ್ರಗಳನ್ನು ಬಿಚ್ಚಿ ಸಾಗಿಸಿದರು. ಒಂದು ಮನೆ ಎರಡಾಯಿತು. ಪಶ್ಚಿಮದ ಓಬರ್‌ಕೊಹೆನ್‌ನಲ್ಲಿ ಒಂದು ಜೈಸ್, ಪೂರ್ವದ ಯೇನಾದಲ್ಲಿ ಇನ್ನೊಂದು ಜೈಸ್. ಹೆಸರು ಯಾರದು ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ವ್ಯಾಜ್ಯ. ಅದಕ್ಕೇ ಪಶ್ಚಿಮದ ಪೇಟೆಗೆ ಹೋದ ಕೆಲವು ಪೂರ್ವದ ಲೆನ್ಸುಗಳ ಮೇಲೆ ಮನೆತನದ ಹೆಸರಿಲ್ಲ, ‘ಯೇನಾದಿಂದ’ ಎಂದಷ್ಟೇ ಇದೆ. ಹೆಸರು ಕಿತ್ತುಕೊಂಡರೂ ಊರನ್ನು ಕಿತ್ತುಕೊಳ್ಳಲಾಗಲಿಲ್ಲ.

ಇಂಥ ಲೆನ್ಸುಗಳಲ್ಲಿ ಅನೇಕವು ಹಿಂದೆ ತಿರುಪು ಇರುವಂಥವು. 42 ಮಿಲಿಮೀಟರ್ ಅಗಲದ ಆ ತಿರುಪಿಗೆ ಎಂ42 ಎಂದು ಹೆಸರು. ಕನ್ನಡಿಯಿಲ್ಲದ ಇಂದಿನ ಕ್ಯಾಮೆರಾಕ್ಕೆ ಇವನ್ನು ಸೇರಿಸಲು ನಡುವೆ ಗಾಜಿಲ್ಲದ ಒಂದು ಖಾಲಿ ಕೊಳವೆ ಸಾಕು. ಎಂ42 ಲೆನ್ಸು ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಕೇಳುತ್ತದೆ. ನಾವು ಕೊಂಡ ಹಳೆಯ ಸೋನಿ ಎ7 ಕ್ಯಾಮೆರಾದಲ್ಲಿ ಇರುವುದು 18 ಮಿಲಿಮೀಟರ್. ಉಳಿದದ್ದನ್ನು ಕೊಳವೆ ತುಂಬಿಕೊಡುತ್ತದೆ. ಕ್ಯಾಮೆರಾ ಆರಿಸುವಾಗ ಒಂದು ಎಚ್ಚರಿಕೆ: ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದಿರಬೇಕು. ಚಿಕ್ಕ ಸೆನ್ಸರಿನ ಮೇಲೆ 35ರ ಲೆನ್ಸು 52ರಂತೆ ನೋಡುತ್ತದೆ, ವೈಡ್ ಎಂಬುದೇ ಉಳಿಯುವುದಿಲ್ಲ.

ಮೇ ತಿಂಗಳಲ್ಲಿ ಹುಡುಗ ಅವರಿವರಿಂದ ಮೂರು ಲೆನ್ಸುಗಳನ್ನು ಎರವಲು ತಂದ. ಹಿತ್ತಿಲಲ್ಲಿ ದಾಸವಾಳದ ಹೂವೊಂದನ್ನು ಮುಂದಿಟ್ಟುಕೊಂಡು, ಹಿಂದೆ ಹಲಸಿನ ಮರದ ಎಲೆಗಳ ಸಂದಿಯಲ್ಲಿ ಆಕಾಶ ಹೊಳೆಯುವಂತೆ ನಿಂತು, ಮೂರರಲ್ಲೂ ಒಂದೇ ಫೋಟೋ ತೆಗೆದೆವು. ಮಸುಕಿನ ಪರೀಕ್ಷೆಗೆ ಎಲೆಗಳ ಸಂದಿಯಷ್ಟು ಕಟ್ಟುನಿಟ್ಟಿನ ಮೇಷ್ಟ್ರು ಬೇರೆ ಇಲ್ಲ.

ಮೊದಲನೆಯದು ಸೋವಿಯೆತ್ತಿನ ‘ಮಿರ್-1’, 37 ಮಿಲಿಮೀಟರ್, ಅಪರ್ಚರ್ 2.8. ರಷ್ಯನ್ನರ ಭಾಷೆಯಲ್ಲಿ ಮಿರ್ ಎಂದರೆ ಶಾಂತಿಯೂ ಹೌದು, ಜಗತ್ತೂ ಹೌದು. 1958ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಬಹುಮಾನ ಪಡೆದದ್ದನ್ನು ಅದರ ಮುಂದಿನ ಉಂಗುರದ ಮೇಲೆ ಕೆತ್ತಿದ್ದಾರೆ. ಅದರ ಮಸುಕಿನಲ್ಲಿ ಒಂದು ಸಣ್ಣ ಸುಳಿ ಇತ್ತು, ಚೆಲುವಾಗಿಯೂ ಇತ್ತು. ಆದರೆ ಅದು 70 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ವೈಡ್ ಲೆನ್ಸಿನ ಬಾಯಿ ಚಿಕ್ಕದು, ಆದ್ದರಿಂದ ಹತ್ತಿರ ಹೋದಷ್ಟೇ ಮಸುಕು. ದೂರ ನಿಲ್ಲಿಸುವ ಲೆನ್ಸು ನಮಗೆ ಆಗದು. ಮೇಲಾಗಿ ಮನೆ ಸುಳಿ ತಿರುಗುವುದು ನಮಗೆ ಬೇಕಿರಲಿಲ್ಲ. ಅದು ತಿರುಗಿದ್ದು ಸಾಕಾಗಿತ್ತು.

ಎರಡನೆಯದು ‘ಪೆಂಟಕಾನ್’ 29 ಮಿಲಿಮೀಟರ್, ಅಪರ್ಚರ್ 2.8. ಇದರ ಮೂಲ ಗೋರ್ಲಿಟ್ಸ್ ಊರಿನ ಮೇಯರ್ ಕಂಪನಿ. 1968ರಲ್ಲಿ ಆ ಕಂಪನಿ ಪೆಂಟಕಾನಿನಲ್ಲಿ ಸೇರಿಹೋಯಿತು. ಗೋರ್ಲಿಟ್ಸ್ ಕೂಡ ಪಾಲಾದ ಊರೇ. 1945ರಲ್ಲಿ ನೈಸೆ ನದಿ ಗಡಿಯಾಗಿ, ಆಚೆ ದಡ ಪೋಲೆಂಡಿಗೆ ಸೇರಿತು. ಈ ಲೆನ್ಸು 25 ಸೆಂಟಿಮೀಟರಿನವರೆಗೆ ಹತ್ತಿರ ಬಿಡುತ್ತದೆ. ಆದರೆ ಬಾಯಿ ಬರೀ 10 ಮಿಲಿಮೀಟರ್. ನಮ್ಮ ಕೈಗೆ ಬಂದ ಪ್ರತಿಯಲ್ಲಿ ಹಲಸಿನ ರೆಂಬೆಗಳೆಲ್ಲ ಜೋಡಿ ಗೆರೆಗಳಾಗಿ, ಮರ ನಡುಗುತ್ತಿರುವಂತೆ ಕಂಡಿತು.

ಮೂರನೆಯದು ಯೇನಾದ ಫ್ಲೆಕ್ಟೋಗನ್, 35 ಮಿಲಿಮೀಟರ್, ಅಪರ್ಚರ್ 2.4, 1970ರ ದಶಕದಲ್ಲಿ ಬಂದ ಮಾದರಿ. ಫಿಲ್ಮಿನಿಂದ ಅಳೆದರೆ ಸುಮಾರು 20 ಸೆಂಟಿಮೀಟರಿನವರೆಗೆ ಹತ್ತಿರ ಹೋಗಬಹುದು. ಎಲೆಗಳ ಸಂದಿಗಳು ಮೆತ್ತನೆಯ ದುಂಡು ಬಿಲ್ಲೆಗಳಾಗಿದ್ದವು. ಅದು ಹಲಸಿನ ಮರ ಎಂದು ಮಾತ್ರ ಯಾರೂ ಹೇಳಬಹುದಿತ್ತು. ಅಮ್ಮಿ ನೋಡಿ, “ಇದರಲ್ಲಿ ಮರ ಮರದ ಹಾಗೇ ಇದೆ” ಎಂದರು. ಆಯ್ಕೆ ಮುಗಿಯಿತು.

ಎರವಲಿನದು ಹಿಂದಿರುಗಿತು. ಸ್ವಂತಕ್ಕೊಂದು ಕೊಳ್ಳುವಾಗ ನಾವು ಅವಸರಪಟ್ಟು ಮೋಸಹೋದೆವು. ದೂರದ ಊರಿನಿಂದ ತರಿಸಿದ ಲೆನ್ಸು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಹಿಂದಿನಿಂದ ಟಾರ್ಚು ಬಿಟ್ಟು ನೋಡಿದರೆ ಒಳಗಾಜಿನ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಕೊಟ್ಟವರು ವಾಪಸು ತೆಗೆದುಕೊಳ್ಳಲಿಲ್ಲ. “ನಮ್ಮ ಸಾಗರದ ಮಳೆ ಇದರೊಳಗೂ ಹೊಕ್ಕಿದೆಯಲ್ಲ” ಎಂದು ಅಮ್ಮಿ ನಕ್ಕರು. ಎರಡನೆಯ ಸಲ ಹುಡುಗನೇ ಮುಂದೆ ನಿಂತು ನೋಡಿದ. ಟಾರ್ಚಿನ ಬೆಳಕಿನಲ್ಲಿ ಗಾಜು ತಿಳಿಯಾಗಿರಬೇಕು. ಅಪರ್ಚರಿನ ಆರು ಎಲೆಗಳ ಮೇಲೆ ಎಣ್ಣೆಯ ಜಿಡ್ಡಿರಬಾರದು, ಈ ಫ್ಲೆಕ್ಟೋಗನ್‌ಗೆ ಆ ರೋಗ ಹೆಚ್ಚು. ಫೋಕಸಿನ ಬಳೆ ಬಿಗಿಯೂ ಇರಬಾರದು, ಅಲ್ಲಾಡಲೂ ಬಾರದು. ಗಾಜಿನ ಮೇಲೆ ಒಂದೆರಡು ಕೂದಲೆಳೆಯ ಗೀರಿದ್ದರೆ ಚಿಂತೆಯಿಲ್ಲ, ಧೂಳಿದ್ದರೂ ಚಿಂತೆಯಿಲ್ಲ. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿಡದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಮಲೆನಾಡಿನವರು ಈ ಮಾತನ್ನು ಮರೆಯಬಾರದು.

ಮಳೆ ಹಿಡಿದುಕೊಂಡಿತು. ಬಿಡುವು ಕೊಟ್ಟದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆಗ ಒಂದು ಹೊಸ ತೊಡಕು ಎದುರಾಯಿತು. ವೈಡ್ ಲೆನ್ಸಿನಲ್ಲಿ ಮುಖಕ್ಕೆ ತೀರ ಹತ್ತಿರ ಹೋದರೆ ಮೂಗು ದಪ್ಪಗಾಗಿ ಕಿವಿ ಹಿಂದೆ ಸರಿಯುತ್ತದೆ. ದೂರ ನಿಂತರೆ ಮಸುಕು ಕಡಿಮೆಯಾಗಿ ಸ್ವಿಚ್ ಬೋರ್ಡು ಮತ್ತೆ ಕೂಗಲಾರಂಭಿಸುತ್ತದೆ. ನಾಲ್ಕಾರು ಸಲ ಹಿಂದೆ ಮುಂದೆ ಓಡಾಡಿದೆವು. ಅಮ್ಮಿಗೆ ಬೇಸರ ಬಂತು. “ನೀನು ನಿನ್ನ ಕೆಲಸ ಮಾಡು, ನಾನು ನನ್ನ ಕೆಲಸ ಮಾಡುತ್ತೇನೆ” ಎಂದು ಪಾನ್‌ದಾನ್ ಎಳೆದುಕೊಂಡು, ಸರೋತಾದಲ್ಲಿ ಅಡಿಕೆ ಕತ್ತರಿಸತೊಡಗಿದರು.

ನಾವು ಕೆಳಗೆ ಕೂತು, ಕ್ಯಾಮೆರಾವನ್ನು ಆ ಕೈಗಳ ಹತ್ತಿರ ಒಯ್ದೆವು. ಒಂದು ಗೇಣಿನಷ್ಟು ದೂರ. ಫೋಕಸಿನ ಬಳೆ ತಿರುಗಿಸಿದಂತೆ ಸರೋತಾದ ಹಿತ್ತಾಳೆ, ಬೆರಳಿನ ಸುಕ್ಕು, ಸವೆದ ಬೆಳ್ಳಿ ಉಂಗುರ ಒಂದೊಂದಾಗಿ ಎದ್ದು ಬಂದವು. ಅವುಗಳ ಹಿಂದೆ ಬಗ್ಗಿದ ಅಮ್ಮಿಯ ಮುಖ ಮೆತ್ತಗೆ ಮಸುಕಾಗಿತ್ತು. ಅದರ ಹಿಂದೆ ಹಸಿರು ಗೋಡೆ, ಬಾಗಿಲು, ಗಿಳಿಗೂಟಗಳ ಸಾಲು. 2.4ರಲ್ಲಿ ಮನೆ ಸ್ವಲ್ಪ ಹೆಚ್ಚೇ ಕರಗಿತು. ಅಪರ್ಚರನ್ನು 4ಕ್ಕೆ ಇಳಿಸಿದಾಗ ಮನೆ ಗುರುತು ಹತ್ತಿತು. ಗಾಜಿನ ಹೆಂಚುಗಳ ಬೆಳಕು ಆರು ಎಲೆಗಳ ಆಕಾರ ಪಡೆದು, ಜೇನುಗೂಡಿನ ಕಣ್ಣುಗಳಂತೆ ಮೇಲೆ ತೂಗಿತು. ಮುಖ ತೋರಿಸಲೊಲ್ಲದ ಅಮ್ಮಿ ಮನೆಯ ಜೊತೆ ತಾವೂ ಹಿನ್ನೆಲೆಗೆ ಸೇರಿಕೊಂಡಿದ್ದರು. ನಾವು ಆರು ತಿಂಗಳು ಮುಖಕ್ಕೆ ಲೆನ್ಸು ಹುಡುಕಿದ್ದೆವು. ಅವರು ಮಾತ್ರ ಮೊದಲ ದಿನವೇ ತಮ್ಮ ಜಾಗ ಎಲ್ಲಿ ಎಂದು ಹೇಳಿಬಿಟ್ಟಿದ್ದರು.

ಅಕ್ಟೋಬರಿನಲ್ಲಿ ಮನೆ ಕೈ ಬದಲಾಯಿತು. ಶಿವಮೊಗ್ಗದ ಫ್ಲ್ಯಾಟಿಗೆ ಆ ಫೋಟೋದ ದೊಡ್ಡ ಪ್ರಿಂಟು ಮಾಡಿಸಿ ಒಯ್ದೆವು. ಅಮ್ಮಿ ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಕೈಗಳನ್ನು ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಗೋಡೆಯ ಮಸುಕಿನಲ್ಲಿ ಒಂದು ಕಪ್ಪು ಗೆರೆಯ ಮೇಲೆ ಬೆರಳಿಟ್ಟರು.

“ನಿಮ್ಮ ಅಬ್ಬಾರ ಛತ್ರಿ” ಎಂದರು. “ಮೂರನೆಯ ಗೂಟ.”

ನಾವು ನೋಡಿದೆವು. ನಮಗೆ ಅದು ಇನ್ನೂ ಒಂದು ಗೆರೆಯೇ. ಮನೆ ಖಾಲಿ ಮಾಡುವಾಗ ಆ ಛತ್ರಿಯನ್ನು ಯಾರು ಎತ್ತಿಕೊಂಡರೆಂದು ಅಣ್ಣನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬಹುಶಃ ಯಾರೂ ಎತ್ತಿಕೊಂಡಿಲ್ಲ.